ಸಮಬಲದ ಲೆಕ್ಕ

ಗಾಲ್ಫ್ ಆಟದ ಬಗ್ಗೆ ನಾನು ಬರೆಯುತ್ತಿದ್ದೇನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಾರು. ನಾನು ಕೈಯಲ್ಲಿ ಹಿಡಿದದ್ದೇನಿದ್ದರೂ ಸೀಮೆಸುಣ್ಣ ಮತ್ತು ಹಾಜರಿ ಪುಸ್ತಕ. ಬೆಂಗಳೂರಿನ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ, 1876ರಷ್ಟು ಹಿಂದೆ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಬೇಲಿಯಾಚೆ ಒಂದಿಷ್ಟು ಹಸಿರು ಕಾಣುತ್ತಿತ್ತು. ನನಗೂ ಆ ಆಟಕ್ಕೂ ಇದ್ದ ಸಂಬಂಧ ಅಷ್ಟೆ.

ಅದು ಬದಲಾದದ್ದು ನನ್ನ ತರಗತಿಯ ಹುಡುಗನೊಬ್ಬನ ತಂದೆಯಿಂದ. ಆತ ಕ್ಯಾಡಿ, ಎಂದರೆ ಆಟಗಾರರ ಕೋಲಿನ ಚೀಲ ಹೊತ್ತು ಜೊತೆಗೆ ನಡೆಯುವವನು. ಮಗನ ಅಂಕಪಟ್ಟಿಗೆ ಸಹಿ ಹಾಕಲು ಬಂದಿದ್ದ. "ಲೆಕ್ಕದಲ್ಲಿ ಬಹಳ ಹಿಂದಿದ್ದಾನಪ್ಪಾ" ಎಂದೆ. ಆತ ಸ್ವಲ್ಪವೂ ಬೇಸರಪಡದೆ, "ಮೇಡಂ, ನಮ್ಮಲ್ಲಿ ಹಿಂದೆ ಇರೋರಿಗೂ ಒಂದು ಲೆಕ್ಕ ಇದೆ. ಹ್ಯಾಂಡಿಕ್ಯಾಪ್ ಅಂತಾರೆ. ನಮ್ಮ ಸಾಹೇಬರಿಗೆ ಹದಿನೆಂಟು, ಅವರ ಜೊತೆ ಆಡೋ ಡಾಕ್ಟರಿಗೆ ಆರು. ಡಾಕ್ಟರು ಹನ್ನೆರಡು ಹೊಡೆತ ಬಿಟ್ಟುಕೊಡಬೇಕು. ಇಲ್ಲಾಂದ್ರೆ ಸಾಹೇಬರು ಯಾಕೆ ಆಡ್ತಾರೆ ಹೇಳಿ?" ಎಂದ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಓಡಲಾರದವನನ್ನು ಓಡುವವನ ಜೊತೆ ನಿಲ್ಲಿಸಿ, ಇಬ್ಬರಿಗೂ ಗೆಲ್ಲುವ ಆಸೆ ಹುಟ್ಟಿಸುವ ಲೆಕ್ಕ! ಮೇಷ್ಟ್ರುಗಳು ಜೀವಮಾನವಿಡೀ ಹುಡುಕುವುದು ಇದನ್ನೇ ಅಲ್ಲವೆ? ಅಂದಿನಿಂದ ಈ ವಿಷಯ ಎಲ್ಲಿ ಸಿಕ್ಕಿದರೂ ಓದುತ್ತ ಬಂದೆ.

ಹ್ಯಾಂಡಿಕ್ಯಾಪ್ ಎಂಬ ಪದ ಹುಟ್ಟಿದ್ದು ಆಟದ ಮೈದಾನದಲ್ಲಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಇಬ್ಬರು ವಸ್ತು ಬದಲಾಯಿಸಿಕೊಳ್ಳುವಾಗ ಮೂರನೆಯವನೊಬ್ಬ ನಡುವೆ ಕುಳಿತು, ಕಡಿಮೆ ಬೆಲೆಯ ವಸ್ತುವಿನವನು ಮೇಲೆ ಎಷ್ಟು ಕೊಡಬೇಕೆಂದು ಹೇಳುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಟೋಪಿಯೊಳಗೆ ಕೈಯಿಟ್ಟು ತೆಗೆದು ಸೂಚಿಸುತ್ತಿದ್ದರು. 'ಟೋಪಿಯಲ್ಲಿ ಕೈ' ಎಂಬುದೇ ಆ ಪದದ ಮೂಲ. ದಿನಚರಿಗಾಗಿ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ಈ ಆಟವನ್ನು ಹೆಸರಿಸಿದ್ದಾನೆ. ಮುಂದೆ ಕುದುರೆ ಜೂಜಿನವರು ಒಳ್ಳೆಯ ಕುದುರೆಗೆ ಹೆಚ್ಚು ಭಾರ ಹೊರಿಸಿ ಓಡಿಸುವಾಗ ಈ ಹೆಸರನ್ನೇ ಬಳಸಿದರು. ಗಾಲ್ಫಿಗೆ ಪದ ತಡವಾಗಿ ಬಂದರೂ ಚಿಂತೆ ಹಳೆಯದು. ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಥಾಮಸ್ ಕಿಂಕೇಡ್ 1687ರ ಹೊತ್ತಿನ ತನ್ನ ದಿನಚರಿಯಲ್ಲೇ, ಎದುರಾಳಿಗೆ ಎಷ್ಟು ಬಿಟ್ಟುಕೊಟ್ಟರೆ ಆಟ ಸಮವಾದೀತು ಎಂದು ತಲೆ ಕೆಡಿಸಿಕೊಂಡಿದ್ದ.

ಒಂದೇ ಕ್ಲಬ್ಬಿನವರು ತಮ್ಮ ತಮ್ಮಲ್ಲೇ ಆಡುವಾಗ ಇದೇನೂ ದೊಡ್ಡ ಸಮಸ್ಯೆಯಲ್ಲ. ಯಾರು ಹೇಗೆ ಆಡುತ್ತಾರೆಂಬುದು ಎಲ್ಲರಿಗೂ ಗೊತ್ತು. ತೊಡಕು ಶುರುವಾಗುವುದು ಒಂದು ಕ್ಲಬ್ಬಿನ ತಂಡ ಇನ್ನೊಂದರ ಮೇಲೆ ಹೋದಾಗ. ಸಮುದ್ರದ ಗಾಳಿಗೆ ಎದೆಯೊಡ್ಡಿದ ಮೈದಾನದಲ್ಲಿ 'ಹತ್ತು' ಎನಿಸಿಕೊಂಡವಳೂ ಊರೊಳಗಿನ ಸಣ್ಣ ಮೈದಾನದಲ್ಲಿ 'ಹತ್ತು' ಎನಿಸಿಕೊಂಡವಳೂ ಹೇಗೆ ಸಮ? ಒಂದು ಶಾಲೆಯ ಎಪ್ಪತ್ತು ಅಂಕ ಇನ್ನೊಂದು ಶಾಲೆಯ ಐವತ್ತಕ್ಕೆ ಸಮನಾಗಿರುವುದನ್ನು ನಾವು ಕಂಡಿಲ್ಲವೆ?

ಈ ಗಂಟನ್ನು ಮೊದಲು ಬಿಡಿಸಿದವರು ಹೆಂಗಸರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1893ರಲ್ಲಿ ಬ್ರಿಟನ್ನಿನ ಮಹಿಳೆಯರು ತಮ್ಮದೇ ಗಾಲ್ಫ್ ಒಕ್ಕೂಟ, ಅಂದರೆ ಲೇಡೀಸ್ ಗಾಲ್ಫ್ ಯೂನಿಯನ್, ಕಟ್ಟಿಕೊಂಡರು. ಆ ಕಾಲದ ದೊಡ್ಡ ಆಟಗಾರ ಹೊರೇಸ್ ಹಚಿನ್‌ಸನ್, ಇದು ನಿಲ್ಲುವ ಕೆಲಸವಲ್ಲ, ನಿಮ್ಮ ನಿಮ್ಮಲ್ಲೇ ಜಗಳವಾದೀತು ಎಂಬ ಧಾಟಿಯ ಪತ್ರ ಬರೆದು ಎಚ್ಚರಿಸಿದ್ದ. ಒಕ್ಕೂಟದ ಗೌರವ ಕಾರ್ಯದರ್ಶಿಯಾದ ಇಸೆಟ್ ಪಿಯರ್ಸನ್ ಕಟ್ಟುನಿಟ್ಟಿನ ಹೆಂಗಸು. ಅದೇ ವರ್ಷ ಸೇಂಟ್ ಆನ್ಸ್‌ನಲ್ಲಿ ನಡೆದ ಮೊದಲ ಮಹಿಳಾ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯದಲ್ಲಿ ಆಕೆ ಲೇಡಿ ಮಾರ್ಗರೆಟ್ ಸ್ಕಾಟ್‌ಗೆ ಸೋತಳು. ಮರುವರ್ಷವೂ ಅಂತಿಮ ಪಂದ್ಯದಲ್ಲಿ ಆಕೆಗೇ ಸೋತಳು. ಆದರೆ ಮೇಜಿನ ಮುಂದೆ ಕುಳಿತು ಗೆದ್ದವಳು ಪಿಯರ್ಸನ್. ಪ್ರತಿ ಕ್ಲಬ್ಬಿನ ಮೈದಾನಕ್ಕೂ ಅದರದೇ ಪಾರ್, ಅಂದರೆ ಚೆನ್ನಾಗಿ ಆಡುವವಳಿಗೆ ಬೇಕಾಗುವ ಹೊಡೆತಗಳ ಸಂಖ್ಯೆ, ನಿಗದಿಯಾಗಬೇಕು. ಆಟಗಾರ್ತಿ ಒಪ್ಪಿಸಿದ ಕಾರ್ಡುಗಳ ಮೇಲೆ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಬೇಕು. ಹಾಗೆ ಬಂದ ಅಂಕಿ ಎಲ್ಲ ಕ್ಲಬ್ಬಿನಲ್ಲೂ ನಡೆಯಬೇಕು. ಇಂಥ ಏಕರೂಪದ ಪದ್ಧತಿಯನ್ನು ಆಕೆ ಹಟ ಹಿಡಿದು ಜಾರಿಗೆ ತಂದಳು. ಅಲ್ಲಿನ ಗಂಡಸರಿಗೆ ದೇಶಕ್ಕೆಲ್ಲ ಒಂದೇ ಅಳತೆ ಬಂದದ್ದು 1926ರಲ್ಲಿ. ಸೇಂಟ್ ಆಂಡ್ರೂಸ್‌ನ ಹೆಸರಾಂತ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ಬು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ. ಒಳಗೆ ಬಿಡದವರ ಆಟಕ್ಕೆ ಹೊರಗಿದ್ದವರು ಮೊದಲು ತಕ್ಕಡಿ ಮಾಡಿಕೊಟ್ಟಿದ್ದರು.

ಅಳತೆ ಸಿಕ್ಕಿದ ಮೇಲೆ ತಂಡಗಳ ಆಟಕ್ಕೆ ಬಗೆಬಗೆಯ ಕ್ರಮಗಳು ಒದಗಿದವು. 'ಫೋರ್‌ಸಮ್ಸ್' ಎಂದರೆ ಇಬ್ಬರ ಜೋಡಿಗೆ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಜೊತೆಗಾರ ಪೊದೆಗೆ ಹೊಡೆದರೆ ಅಲ್ಲಿಂದ ತೆಗೆಯುವ ಪಾಡು ನಿಮ್ಮದು. ಸಂಸಾರದ ಹಾಗೆ. 'ಫೋರ್‌ಬಾಲ್' ಎಂದರೆ ಇಬ್ಬರಿಗೂ ಬೇರೆ ಬೇರೆ ಚೆಂಡು, ಇಬ್ಬರಲ್ಲಿ ಚೆನ್ನಾಗಿ ಆಡಿದವರ ಲೆಕ್ಕ ಜೋಡಿಗೆ. ಇವತ್ತಿನ ಪದ್ಧತಿಯಲ್ಲಿ ಫೋರ್‌ಸಮ್ಸ್‌ಗೆ ಇಬ್ಬರ ಹ್ಯಾಂಡಿಕ್ಯಾಪ್ ಕೂಡಿಸಿ ಅರ್ಧ ಕೊಡುವುದು ರೂಢಿ. ಫೋರ್‌ಬಾಲ್‌ನಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಬಹುದಾದ್ದರಿಂದ ತಲಾ ನೂರಕ್ಕೆ 85 ಅಥವಾ 90ರಷ್ಟು ಮಾತ್ರ.

1932ರ ಮೇ ತಿಂಗಳಿನ ಒಂದು ವಾರ ನನಗೆ ವಿಶೇಷವಾಗಿ ಕಾಣುತ್ತದೆ. ಮೇ 16ರಂದು ವಾಲಸಿ ಕ್ಲಬ್ಬಿನಲ್ಲಿ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಶಸ್ತ್ರವೈದ್ಯನ ಹೊಸ ಪದ್ಧತಿಯಲ್ಲಿ ಸ್ಪರ್ಧೆ ನಡೆಯಿತು. ಒಟ್ಟು ಹೊಡೆತ ಎಣಿಸುವ ಬದಲು ಪ್ರತಿ ಕುಳಿಗೂ ಅಂಕ. ಒಂದು ಕುಳಿಯಲ್ಲಿ ಕೆಟ್ಟರೆ ಅಲ್ಲಿ ಸೊನ್ನೆ, ಮುಂದಿನದರಲ್ಲಿ ಹೊಸ ಬಾಳು. ಗಾಳಿಗೆ ಸೋತು ಅರ್ಧದಲ್ಲೇ ಕಾರ್ಡು ಹರಿಯುತ್ತಿದ್ದ ಸಾಮಾನ್ಯರು ಕೊನೆಯವರೆಗೆ ಆಡಲಿ ಎಂಬುದು ಉದ್ದೇಶ. ಅದೇ ವಾರ, ಮೇ 21ರಂದು, ವೆಂಟ್‌ವರ್ಥ್‌ನಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಹವ್ಯಾಸಿ ಮಹಿಳೆಯರ ತಂಡಗಳು ಮೊದಲ ಕರ್ಟಿಸ್ ಕಪ್ಪಿಗೆ ಆಡಿದವು. ಅಲ್ಲಿ ಹ್ಯಾಂಡಿಕ್ಯಾಪಿನ ಮಾತೇ ಇಲ್ಲ, ಅತ್ಯುತ್ತಮರು ನೇರಾನೇರ. ಒಂದು ಯಾರು ಶ್ರೇಷ್ಠರೆಂದು ತಿಳಿಯುವ ಆಟ, ಇನ್ನೊಂದು ಎಲ್ಲರನ್ನೂ ಉಳಿಸಿಕೊಳ್ಳುವ ಆಟ. ಎರಡೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಆಡಬಾರದು, ಅಷ್ಟೆ.

ಅರ್ಹತೆಯ ನಿಯಮಗಳು ಹುಟ್ಟುವುದು ಇಲ್ಲೇ. ಐರ್ಲೆಂಡಿನ ಅಂತರ್ ಕ್ಲಬ್ ಪಂದ್ಯಗಳನ್ನು ನೋಡಿ. 1910ರಷ್ಟು ಹಳೆಯದಾದ ಬಾರ್ಟನ್ ಷೀಲ್ಡಿಗೆ ಕ್ಲಬ್ಬಿನ ಅತ್ಯುತ್ತಮರು ಆಡುತ್ತಾರೆ. ಮುಂದೆ ಬಂದ ಪಿಯರ್ಸ್ ಪರ್ಸೆಲ್ ಷೀಲ್ಡಿನಲ್ಲಿ ಹ್ಯಾಂಡಿಕ್ಯಾಪ್ 12ಕ್ಕಿಂತ ಕಡಿಮೆ ಇದ್ದವರಿಗೆ, ಅಂದರೆ ಹೆಚ್ಚು ಜಾಣರಿಗೆ, ಪ್ರವೇಶವಿಲ್ಲ ಎಂಬ ನಿಯಮ ಬಹುಕಾಲ ನಡೆದುಬಂತು. ಬಾಗಿಲು ಮುಚ್ಚುವುದು ದಡ್ಡರಿಗೆ ಎಂದುಕೊಂಡಿದ್ದ ನನಗೆ ಇದು ಹೊಸದು. ಸಾಧಾರಣ ಆಟಗಾರನಿಗೂ ತನ್ನ ಕ್ಲಬ್ಬಿನ ಹೆಸರು ಹೊತ್ತು ಆಡುವ ಒಂದು ದಿನ ಇರಲಿ ಎಂದೇ ಆ ಬಾಗಿಲು.

ಆದರೆ ಬಾಗಿಲಿದ್ದ ಕಡೆ ಕಳ್ಳದಾರಿಯೂ ಇರುತ್ತದೆ. ಬೇಕೆಂದೇ ಕೆಟ್ಟ ಕಾರ್ಡು ಒಪ್ಪಿಸಿ ಹ್ಯಾಂಡಿಕ್ಯಾಪ್ ಏರಿಸಿಕೊಂಡು, ಕಪ್ಪಿನ ದಿನ ಸಿಂಹವಾಗುವವರು ಎಲ್ಲ ದೇಶದಲ್ಲೂ ಇದ್ದಾರೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿ ತೆಗೆದುಕೊಳ್ಳುತ್ತದೆ; ಹಾಗಾಗಿ ನಾಲ್ಕು ದಿನ ಕೆಟ್ಟದಾಗಿ ಆಡಿದ ನಾಟಕ ಸುಲಭಕ್ಕೆ ಫಲಿಸದು. ಒಂದು ವರ್ಷದ ಅತಿ ಕಡಿಮೆ ಅಂಕಿಯಿಂದ 5ಕ್ಕಿಂತ ಮೇಲೆ ಏರಲು ಬಿಡುವುದೂ ಇಲ್ಲ. ಇಷ್ಟೆಲ್ಲ ಇದ್ದರೂ ಕೊನೆಗೆ ಲೆಕ್ಕ ನಿಲ್ಲುವುದು ಕಾರ್ಡಿನ ಮೇಲಿನ ಎರಡು ಸಹಿಗಳ ಮೇಲೆ. ಆಡಿದವರದು ಒಂದು, ಜೊತೆಗಿದ್ದು ಹೊಡೆತ ಎಣಿಸಿದವರದು ಇನ್ನೊಂದು.

ಸಹಿ ಎಂದಾಗ ನನಗೆ ನನ್ನ ಸಹಿಯೊಂದು ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತು. ತಾಲ್ಲೂಕು ಮಟ್ಟದ ಖೋ-ಖೋ ಪಂದ್ಯಕ್ಕೆ ನಮ್ಮ ಹೆಣ್ಣುಮಕ್ಕಳ ತಂಡದ ಅರ್ಹತಾ ಪಟ್ಟಿ ಬರೆಯುವ ಕೆಲಸ ನನ್ನದು. ತಂಡದಲ್ಲಿ ಒಬ್ಬಳು ವಯಸ್ಸಿನ ಮಿತಿ ದಾಟಿದವಳು. ಎರಡು ದಾಖಲೆಗಳಲ್ಲಿ ಎರಡು ಹುಟ್ಟಿದ ತಾರೀಖು. ಯಾವುದು ನಿಜವೆಂದು ನನಗೆ ಗೊತ್ತಿತ್ತು. "ಎಲ್ಲ ಶಾಲೆಯವರೂ ಮಾಡುತ್ತಾರೆ" ಎಂದು ಹಿರಿಯರೊಬ್ಬರು ಹೇಳಿದರು. ನಾನು ಅನುಕೂಲದ ತಾರೀಖನ್ನೇ ಬರೆದು ಸಹಿ ಹಾಕಿದೆ. ನಾವು ಗೆದ್ದೆವು. ಷೀಲ್ಡು ಹೆಡ್‌ಮಾಸ್ಟರ ಕೋಣೆಯಲ್ಲಿ ಕುಳಿತಿತು.

ಅಂದು ನೀರಿನ ಕೊಳಾಯಿಯ ಹತ್ತಿರ ಸೋತ ತಂಡದ ಪುಟ್ಟ ಹುಡುಗಿಯೊಬ್ಬಳು ಮಂಡಿಯ ಗಾಯ ತೊಳೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು, ದೂರಿನ ದನಿಯಲ್ಲೂ ಅಲ್ಲ, ಸುಮ್ಮನೆ ಕೇಳಿದಳು: "ಮಿಸ್, ನಿಮ್ಮ ತಂಡದ ಆ ಅಕ್ಕ ನಿಜವಾಗ್ಲೂ ಏಳನೇ ಕ್ಲಾಸಾ?"

"ಹೂಂ" ಎಂದೆ.

ಮುಂದಿನ ವರ್ಷಗಳಲ್ಲಿ ಅಂಥ ಪಟ್ಟಿ ಬಂದಾಗಲೆಲ್ಲ ದಾಖಲಾತಿ ಪುಸ್ತಕ ಎದುರಿಗಿಟ್ಟುಕೊಂಡೇ ಬರೆದಿದ್ದೇನೆ. ಕೆಲವು ಸಲ ಸೋತಿದ್ದೇವೆ, ಸಹೋದ್ಯೋಗಿಗಳಿಂದ ಮಾತೂ ಕೇಳಿದ್ದೇನೆ. ಆದರೆ ಆ ಹುಡುಗಿಗೆ ಹೇಳಿದ 'ಹೂಂ' ಮಾತ್ರ ಹಿಂದಕ್ಕೆ ಬರಲಿಲ್ಲ. ಚಿಕ್ಕವರಿಗೂ ಗೆಲ್ಲಲು ಒಂದು ಜಾಗವಿರಲಿ ಎಂದು ಯಾರೋ ಗೆರೆ ಎಳೆದಿದ್ದರು. ಆ ಜಾಗವನ್ನು ಆಕೆಯಿಂದ ಕಿತ್ತುಕೊಂಡದ್ದು ನಮ್ಮ ತಂಡದ ಓಟವಲ್ಲ, ನನ್ನ ಪೆನ್ನು.