ನಾಣೆಘಾಟದ ಪಾದಗಳು

ಡಿಸೆಂಬರಿನ ಒಂದು ಭಾನುವಾರ, ಇನ್ನೂ ಕತ್ತಲಿರುವಾಗಲೇ ವಿಠ್ಠಲವಾಡಿಯಿಂದ ಹೊರಟೆವು. ಒಟ್ಟು ಒಂಬತ್ತು ಮಂದಿ. ಅರ್ಧ ನೌಕರಿಯವರು, ಅರ್ಧ ಕಾಲೇಜು ಹುಡುಗರು. ಕಲ್ಯಾಣದಿಂದ ಮುರಬಾಡ ದಾಟಿ ಮಾಳಶೇಜ ಕಡೆಗೆ ಹೋಗುವ ಎಸ್‌ಟಿ ಬಸ್ಸು ವೈಶಾಖರೆಯ ಹತ್ತಿರ, ನಾಣೆಘಾಟದ ಬುಡದಲ್ಲಿ ಇಳಿಸಿತು.

ಮಳೆಗಾಲದಲ್ಲಿ ಜಾರುವ ಈ ಹಾದಿ ಚಳಿಗಾಲದಲ್ಲಿ ಸೌಮ್ಯ. ಕಾಡು ಮುಗಿದ ಮೇಲೆ ಕಲ್ಲಿನ ಮೆಟ್ಟಿಲುಗಳು. ಎರಡು ಸಾವಿರ ವರ್ಷಗಳ ಹಿಂದೆ ಕೊಂಕಣದ ಬಂದರುಗಳ ಸರಕು ಇದೇ ದಾರಿಯಲ್ಲಿ ಜುನ್ನರಕ್ಕೆ ಏರುತ್ತಿತ್ತು. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ನಮ್ಮ ಕಲ್ಯಾಣವನ್ನು 'ಕಲ್ಲಿಯೇನ' ಎನ್ನುತ್ತದೆ. ಮೊದಲು ಅದು ಅಧಿಕೃತ ಪೇಟೆಯಾಗಿತ್ತು. ಆಮೇಲೆ ಆಳುವವರು ಬದಲಾಗಿ, ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರು ಎಂದೂ ಬರೆದಿದೆ.

ಘಾಟದ ತುದಿಯ ಸಮೀಪ ಗುಹೆ. ಗೋಡೆಯ ತುಂಬ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಶಾತವಾಹನರ ರಾಣಿ ನಾಗನಿಕೆಯ ಕಾಲದ ಈ ಶಾಸನ ಯಜ್ಞಗಳ ದಕ್ಷಿಣೆಯ ಲೆಕ್ಕ ಕೊಡುತ್ತದೆ: 1,700 ಹಸು, 10 ಆನೆ, ಸಾವಿರಗಟ್ಟಲೆ ಕಾರ್ಷಾಪಣ. ಭಾರತದ ಅತಿ ಹಳೆಯ ಅಂಕಿಗಳಲ್ಲಿ ಇವೂ ಸೇರಿವೆ. ಸೊನ್ನೆಯಿಲ್ಲ, ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಬೇರೆಬೇರೆ ಗುರುತು. ಹಿಂದಿನ ಗೋಡೆಯಲ್ಲಿ ಸಿಮುಕ, ಶಾತಕರ್ಣಿ, ನಾಗನಿಕೆ ಮೊದಲಾದವರ ಉಬ್ಬುಶಿಲ್ಪಗಳಿದ್ದವು. ಹೆಸರುಗಳು ಮೇಲೆ ಉಳಿದಿವೆ. ಕೆಳಗೆ ಪಾದಗಳ ಗುರುತಷ್ಟೇ.

"ಅಣ್ಣಾ, ಇವ್ರು ನಮ್ಮವ್ರೋ, ಇವ್ರವ್ರೋ?" ಕಲಬುರಗಿ ಕಡೆಯ ಹುಡುಗ ಕೇಳಿದ.

ಅವನ ಪ್ರಶ್ನೆ ನನಗೆ ಹೊಸದಲ್ಲ. ಊರಿಗೆ ಹೋದರೆ ನಾವು 'ಬಾಂಬೆದವರು', ಇಲ್ಲಿ ಹೊರಗಿನವರು. ಹಳೆಯ ರಾಜನೊಬ್ಬ ನಮ್ಮವನೆಂದು ಸಿದ್ಧವಾದರೆ ಈ ನೆಲದಲ್ಲಿ ನಮಗೂ ಒಂದು ಹಕ್ಕು ಸಿಕ್ಕೀತು ಎಂಬ ಆಸೆ ನನಗೂ ಇತ್ತು. ಉತ್ತರಕ್ಕೆ ಸಾಮಗ್ರಿಯೂ ಇದೆ. ಅವನದೇ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ಶಾತವಾಹನ ಅರಸರ ಚಿತ್ರಗಳು ಹೆಸರಿನೊಂದಿಗೆ ಸಿಕ್ಕಿವೆ, ಅಶೋಕನದೂ. ಇಲ್ಲಿ ಪಾದ ಮಾತ್ರ, ಅಲ್ಲಿ ಮುಖವೂ ಉಂಟು. ಈ ಗುಹೆಯಲ್ಲಿರುವ 'ಮಹಾರಠಿ' ಎಂಬ ಬಿರುದು ಚಿತ್ರದುರ್ಗ ಸೀಮೆಯ ಸೀಸದ ನಾಣ್ಯಗಳ ಮೇಲೂ ಇದೆ.

ಆದರೆ ಅದನ್ನೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಲೇಬೇಕಾಯಿತು: ಗೋಡೆಯ ಮೇಲಿನ ಭಾಷೆ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಸನ್ನತಿಯವರೂ ಜುನ್ನರದವರೂ ಓದಿಸಿಕೊಂಡದ್ದು ಪ್ರಾಕೃತವನ್ನೇ. ಅವರನ್ನು ಒಂದು ರಾಜ್ಯದ ನಕಾಶೆಯೊಳಗೆ ಕೂರಿಸಲು ಹೋದರೆ ಅರ್ಧ ಚರಿತ್ರೆ ಹೊರಗುಳಿಯುತ್ತದೆ. ಇನ್ನು ಸರಕು ಹೊತ್ತು ಈ ಮೆಟ್ಟಿಲು ಸವೆಸಿದವರ ಹೆಸರು ಈ ಗೋಡೆಯಲ್ಲಿ ಎಲ್ಲೂ ಇಲ್ಲ. ದುಡಿಮೆಗಾಗಿ ಘಟ್ಟ ಹತ್ತಿ ಇಳಿದ ಅವರೇ ನಮಗೆ ಹತ್ತಿರದವರು ಎಂದೆ. ಹುಡುಗ ಒಪ್ಪಿದನೋ ಇಲ್ಲವೋ, ಸುಮ್ಮನಾದ.

ಮೇಲೆ ದೊಡ್ಡದೊಂದು ಕಲ್ಲಿನ ಹಂಡೆ ಇದೆ. ಸುಂಕದ ನಾಣ್ಯ ಹಾಕುತ್ತಿದ್ದುದು ಅದರಲ್ಲೇ ಎಂದು ಜನ ಹೇಳುತ್ತಾರೆ. ಅಲ್ಲಿ ಬುತ್ತಿ ಬಿಚ್ಚಿದೆವು. ಪಕ್ಕದಲ್ಲಿ ಕುಳಿತಿದ್ದ ಮರಾಠಿ ಅಜ್ಜ, 'ನಾಣೆ' ಎಂದರೆ ಏನೆಂದು ಹುಡುಗನಿಗೆ ವಿವರಿಸತೊಡಗಿದರು. "ಗೊತ್ತು ಆಜೋಬಾ, ನಮ್ಮಲ್ಲಿ ನಾಣ್ಯ" ಎಂದು ಅವನು ರೊಟ್ಟಿ ಮುರಿದು ಅವರ ಕೈಗಿತ್ತ.