ಟಕೀಲೆ ಹೆಣಿಗೆ

ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ, ಸಮುದ್ರಮಟ್ಟದಿಂದ 3,800 ಮೀಟರಿಗೂ ಎತ್ತರದಲ್ಲಿರುವ ಟಕೀಲೆ ದ್ವೀಪದ ಉಣ್ಣೆ ಕಸುಬು. ಇಲ್ಲಿ ಕಡ್ಡಿ ಹಿಡಿದು ಹೆಣೆಯುವವರು ಗಂಡಸರು. ನೆಲಕ್ಕೆ ಗೂಟ ಹೊಡೆದು ಕಟ್ಟಿದ ಮಗ್ಗದಲ್ಲಿ ನೇಯುವವರು ಹೆಂಗಸರು. ಆ ಮಗ್ಗ ಇಂಕಾ ಕಾಲಕ್ಕಿಂತಲೂ ಹಳೆಯದು. ಹೆಣಿಗೆಯಾದರೋ ಸ್ಪೇನಿನವರ ಆಳ್ವಿಕೆಯೊಂದಿಗೆ ಬಂದದ್ದು. ಹೊರಗಿನಿಂದ ಬಂದ ವಿದ್ಯೆಯೊಂದು ಕೆಚುವಾ ಭಾಷಿಕರಾದ ಈ ರೈತರ ಗುರುತೇ ಆಗಿಬಿಟ್ಟಿರುವುದು ನಿಜಕ್ಕೂ ಸೋಜಿಗ.

ಕಲಿಕೆಗೆ ಶಾಲೆಯಿಲ್ಲ. ಹುಡುಗರು ಅಪ್ಪ, ಅಣ್ಣ, ಅಜ್ಜಂದಿರ ಪಕ್ಕ ಕುಳಿತು ನೋಡುತ್ತಲೇ ಕಡ್ಡಿ ಹಿಡಿಯುತ್ತಾರೆ. ಮುಖ್ಯವಾಗಿ ಹೆಣೆಯುವುದು ಚುಲ್ಲೊ ಎಂಬ, ಕಿವಿ ಮುಚ್ಚುವ ಟೋಪಿಯನ್ನು. ನಡೆಯುವಾಗಲೂ ಹರಟುವಾಗಲೂ ಕೈ ನಿಲ್ಲದು. ಮದುವೆಯಾದವನ ಟೋಪಿ ಪೂರ್ತಿ ಕೆಂಪು ನೆಲದ್ದು. ಆಗದವನ ಟೋಪಿಯ ಮೇಲ್ಭಾಗ ಬಿಳಿ. ಚೆನ್ನಾಗಿ ಹೆಣೆದ ಟೋಪಿಯಲ್ಲಿ ನೀರು ತುಂಬಿದರೂ ಸೋರಬಾರದೆಂದು ದ್ವೀಪದವರು ಹೇಳುತ್ತಾರೆ. ಬಿಗಿಯಾದ ಹೆಣಿಗೆ ವರನ ಶ್ರದ್ಧೆಗೂ ಸಾಕ್ಷಿ.

ಹೆಂಗಸರು ನೇಯ್ದು ಗಂಡಸರು ಕಟ್ಟಿಕೊಳ್ಳುವ ಅಗಲವಾದ ಸೊಂಟಪಟ್ಟಿಯಲ್ಲಿ ವರ್ಷದ ಬೇಸಾಯ ಮತ್ತು ಹಬ್ಬಗಳ ಚಿತ್ರಗಳಿರುತ್ತವೆ. ಹೀಗೆ ದಂಪತಿಯ ಕೈಕೆಲಸಗಳೆರಡೂ ಗಂಡಸಿನ ಒಂದೇ ಉಡುಪಿನಲ್ಲಿ ಕೂಡುತ್ತವೆ.

ಪ್ರವಾಸಿಗರು ಹೆಚ್ಚಿದಂತೆ ಬೇಡಿಕೆಯೂ ವಿನ್ಯಾಸಗಳೂ ಬದಲಾದವು. ಆದರೂ ಮಾರಾಟವನ್ನು ಒಬ್ಬೊಬ್ಬರ ಪೈಪೋಟಿಗೆ ಬಿಡದೆ, ಚೌಕದ ಸಹಕಾರಿ ಅಂಗಡಿಯ ಮೂಲಕ ನಡೆಸುವ ವ್ಯವಸ್ಥೆಯನ್ನು ಸಮುದಾಯ ಕಟ್ಟಿಕೊಂಡಿತು. ಈ ಕಲೆಯ ಬಲವಿರುವುದು ಇಲ್ಲಿಯೇ. ಯುನೆಸ್ಕೊ 2005ರಲ್ಲಿ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಶ್ರೇಷ್ಠ ಕೃತಿಯೆಂದು ಸಾರಿ, 2008ರಲ್ಲಿ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು.