ಕಾಗದ ತಿರುಗಿಸುವ ಕಥೆ...

ಅನಿಮೇಷನ್ ಸಾಫ್ಟ್‌ವೇರ್ ಹೊಸದಾಗಿ ಕಲಿಯುವವರು ಒಮ್ಮೆಯಾದರೂ ಕೇಳುವ ಪ್ರಶ್ನೆ ಒಂದಿದೆ: "ಅಷ್ಟೊಂದು ಝೂಮ್ ಮಾಡಿದೆ, ಪ್ಲೇ ಮಾಡಿದ್ರೆ ಅದು ಕಾಣಿಸ್ತಾನೇ ಇಲ್ವಲ್ಲ?" ನಗಬೇಡಿ. ಪ್ರಶ್ನೆಯಲ್ಲಿ ನ್ಯಾಯ ಇದೆ. ಚಿತ್ರ ಬರೆಯುವವನು ನೋಡುವ ನೋಟ ಬೇರೆ, ಕೊನೆಗೆ ಪ್ರೇಕ್ಷಕ ನೋಡುವ ನೋಟ ಬೇರೆ. ಎರಡಕ್ಕೂ ಕಂಪ್ಯೂಟರ್ ಝೂಮ್, ಪ್ಯಾನ್ ಅಂತ ಒಂದೇ ಹೆಸರು ಕೊಟ್ಟುಬಿಟ್ಟಿದೆ. ಕಾಗದದ ಕಾಲದಲ್ಲಿ ಈ ಗೊಂದಲ ಅಷ್ಟಾಗಿ ಇರಲಿಲ್ಲ, ಯಾಕೆಂದರೆ ಈ ಎರಡು ಕೆಲಸ ನಡೆಯುತ್ತಿದ್ದದ್ದು ಬೇರೆ ಬೇರೆ ಮೇಜಿನ ಮೇಲೆ.

ಚಿತ್ರಕಾರನ ಮೇಜಿನಲ್ಲಿ ಒಂದು ದುಂಡನೆಯ ತಟ್ಟೆ ಇರುತ್ತಿತ್ತು. ಅದಕ್ಕೆ ಅನಿಮೇಷನ್ ಡಿಸ್ಕ್ ಅಂತ ಹೆಸರು. ನಡುವೆ ಗಾಜು, ಕೆಳಗೆ ದೀಪ, ಅಂಚಿನಲ್ಲಿ ಕಾಗದ ಜಾರದ ಹಾಗೆ ಹಿಡಿಯುವ ಗೂಟಗಳು, ಅಂದರೆ ಪೆಗ್‌ಗಳು. ತಟ್ಟೆ ಗಿರ್ರನೆ ತಿರುಗುತ್ತಿತ್ತು. ಯಾಕೆ ಬೇಕಿತ್ತು ಇದು? ನಮ್ಮ ಮಣಿಕಟ್ಟು ಒಂದು ದಿಕ್ಕಿನ ಕಮಾನನ್ನು ಸಲೀಸಾಗಿ ಎಳೆಯುತ್ತದೆ, ಅದರ ಉಲ್ಟಾ ದಿಕ್ಕಿಗೆ ಹೋದರೆ ಗೆರೆ ನಡುಗುತ್ತದೆ. ಶಾಲೆಯಲ್ಲಿ ಕಾಪಿ ಬರೆಯುವಾಗ ಪುಸ್ತಕವನ್ನು ಓರೆಯಾಗಿ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ ಕಾರಣ. ರಂಗೋಲಿ ಹಾಕುವವರು ರಂಗೋಲಿಯ ಸುತ್ತ ತಾವೇ ಸುತ್ತುತ್ತಾರೆ, ಇಲ್ಲಿ ಕಾಗದವೇ ಸುತ್ತುತ್ತಿತ್ತು. ತಟ್ಟೆ ಎಷ್ಟೇ ತಿರುಗಲಿ, ಸಿನಿಮಾದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುತ್ತಿರಲಿಲ್ಲ.

ಕ್ಯಾಮೆರಾ ಇದ್ದದ್ದು ಇನ್ನೊಂದು ಕೋಣೆಯಲ್ಲಿ. ಪ್ರೇಕ್ಷಕನಿಗೆ ಬೇಕಾದ ಪ್ಯಾನ್, ಝೂಮ್ ಎಲ್ಲಾ ಅಲ್ಲಿ. ಡಿಸ್ನಿಯವರ ಮಲ್ಟಿಪ್ಲೇನ್ ಕ್ಯಾಮೆರಾ ಪ್ರಸಿದ್ಧವಾದದ್ದು 1937ರ 'ದಿ ಓಲ್ಡ್ ಮಿಲ್' ಕಿರುಚಿತ್ರದಿಂದ. ಗಾಜಿನ ಹಲಗೆಗಳನ್ನು ಅಂತಸ್ತಿನ ಹಾಗೆ ಒಂದರ ಮೇಲೊಂದು ಜೋಡಿಸಿ ಮೇಲಿನಿಂದ ಚಿತ್ರೀಕರಿಸುವ ದೈತ್ಯ ಅದು.

ಕಂಪ್ಯೂಟರ್ ಪರದೆಗೆ ಝೂಮ್ ಬಂದದ್ದು ಆಶ್ಚರ್ಯವಾಗುವಷ್ಟು ಬೇಗ. 1963ರಲ್ಲಿ ಎಂಐಟಿಯ ಇವಾನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಬರೆದ ಸ್ಕೆಚ್‌ಪ್ಯಾಡ್‌ನಲ್ಲಿ ಪರದೆಯ ಕೆಳಗೆ ಗುಬುಟುಗಳಿದ್ದವು. ತಿರುಗಿಸಿದರೆ ಚಿತ್ರ ಸರಿಯುತ್ತಿತ್ತು, ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಪರದೆ ಬರೀ 7 ಇಂಚು, ಹಿಗ್ಗುವಿಕೆ ಸುಮಾರು 2000 ಪಟ್ಟು. ಲೆಕ್ಕ ಹಾಕಿ ನೋಡಿ, ಕಾಲು ಮೈಲಿ ಅಗಲದ ಕಾಗದದ ಮೇಲೆ ಕೂತು ಬರೆದ ಹಾಗೆ! ಪರದೆ ಎನ್ನುವುದು ಕಾಗದವಲ್ಲ, ಕಾಗದದ ಮೇಲೆ ತೆರೆದ ಕಿಟಕಿ ಎಂಬ ಯೋಚನೆ ಅಷ್ಟು ಸ್ಪಷ್ಟವಾಗಿ ಅಲ್ಲಿಯೇ ಇದೆ.

ಮೂರು ಆಯಾಮದವರು ಇನ್ನೂ ಮುಂದೆ ಹೋದರು. ಮೌಸ್ ಓಡುವುದು ಎರಡೇ ಆಯಾಮದಲ್ಲಿ, ಗೊಂಬೆ ತಿರುಗಬೇಕಾದ್ದು ಮೂರರಲ್ಲಿ. ಇದಕ್ಕೆ ಕಣ್ಣಿಗೆ ಕಾಣದ ಒಂದು ಗೋಳವನ್ನು ಹಿಡಿದು ಉರುಳಿಸುವ ಉಪಾಯ 1988ರಲ್ಲಿ ಬಂತು. 1992ರಲ್ಲಿ ಕೆನ್ ಶೂಮೇಕ್ ಅದನ್ನೇ ಇನ್ನಷ್ಟು ಅಚ್ಚುಕಟ್ಟಾಗಿಸಿ ಆರ್ಕ್‌ಬಾಲ್ ಎಂದು ಕರೆದರು. 1998ರಲ್ಲಿ ಬಂದ ಮಾಯಾದಲ್ಲಿ ಆಲ್ಟ್ ಒತ್ತಿ ಮೌಸ್‌ನ ಗುಂಡಿಗಳಲ್ಲಿ ಸುತ್ತು, ಸರಿ, ಹತ್ತಿರ ಬಾ ಎನ್ನಬಹುದಿತ್ತು. ಬ್ಲೆಂಡರ್‌ನ ಮೂಲ ಸೆಟ್ಟಿಂಗ್ ಮೌಸ್‌ನ ನಡುಗುಂಡಿ, ನಂಬರ್ ಪ್ಯಾಡ್ ಎರಡನ್ನೂ ನೆಚ್ಚಿಕೊಂಡಿದೆ (ಲ್ಯಾಪ್‌ಟಾಪ್ ಇಟ್ಟುಕೊಂಡವರ ಗೋಳು ಕೇಳುವವರ್ಯಾರು :) ).

ತಮಾಷೆ ಇರುವುದು ಇಲ್ಲೇ. ಇಡೀ ಗೊಂಬೆಯನ್ನು ಗರಗರ ತಿರುಗಿಸುವ ಕಾಲದಲ್ಲಿ, ಒಂದು ಚಪ್ಪಟೆ ಕಾಗದವನ್ನು ತಿರುಗಿಸಲು ಬಹಳಷ್ಟು ಸಾಫ್ಟ್‌ವೇರ್‌ಗಳಿಗೆ ಬರುತ್ತಿರಲಿಲ್ಲ! ಫ್ಲ್ಯಾಶ್ ಹುಟ್ಟಿದ್ದು 1996ರಲ್ಲಿ, ಫ್ಯೂಚರ್‌ಸ್ಪ್ಲ್ಯಾಶ್ ಅನಿಮೇಟರ್ ಎಂಬ ಹೆಸರಿನಲ್ಲಿ. ಭೂತಗನ್ನಡಿ ಇತ್ತು, ಸ್ಪೇಸ್‌ಬಾರ್ ಒತ್ತಿದರೆ ಕಾಗದ ಎಳೆಯುವ ಕೈ ಬರುತ್ತಿತ್ತು, ಸ್ಟೇಜಿನ ಸುತ್ತ ಬೂದು ಬಣ್ಣದ ಜಾಗವೂ ಇತ್ತು. ತಟ್ಟೆ ಮಾತ್ರ ಇಲ್ಲ. ಬಿಟ್‌ಮ್ಯಾಪ್ ಚಿತ್ರವಾದರೆ ಓರೆ ಮಾಡಿದಾಗಲೆಲ್ಲ ಪ್ರತಿ ಪಿಕ್ಸೆಲ್ ಮತ್ತೆ ಲೆಕ್ಕ ಹಾಕಬೇಕು, ಅದು ಭಾರದ ಕೆಲಸ. 2008ರ ಫೋಟೋಶಾಪ್ ಸಿಎಸ್4ಗೆ ಗ್ರಾಫಿಕ್ಸ್ ಕಾರ್ಡಿನ ಸಹಾಯದಿಂದಲೇ ಇದು ಸಾಧ್ಯವಾದದ್ದು. ಆದರೆ ಫ್ಲ್ಯಾಶ್‌ನದ್ದು ವೆಕ್ಟರ್, ಅದಕ್ಕೆ ಈ ನೆಪ ಅಷ್ಟು ಒಪ್ಪುವುದಿಲ್ಲ. ನನ್ನ ಅನುಮಾನ ಏನೆಂದರೆ, ಮೌಸ್ ಹಿಡಿದು ಕೂತವನಿಗೆ ಮಣಿಕಟ್ಟಿನ ಕಷ್ಟ ನೆನಪಾಗಲಿಲ್ಲ. ಕಷ್ಟ ಇದ್ದದ್ದು ಪೆನ್ ಹಿಡಿದವನಿಗೆ. ಅವನು ಪರದೆ ನೆಟ್ಟಗೆ ನಿಂತಿದೆ ಅಂತ ಕೈಯನ್ನೇ ತಿರುಚಿಕೊಂಡು ಬರೆದ. ನಮ್ಮಂಥ ಕೋಡ್ ಬರೆಯುವವರು ಯೋಚಿಸಬೇಕಾದ ವಿಷಯ ಇದು.

2016ರ ಫೆಬ್ರವರಿಯಲ್ಲಿ ಫ್ಲ್ಯಾಶ್ ಪ್ರೊಫೆಷನಲ್ ಹೆಸರು ಬದಲಿಸಿ ಅಡೋಬಿ ಅನಿಮೇಟ್ ಆದಾಗ ಕ್ಯಾನ್ವಾಸ್ ಕೊನೆಗೂ 360 ಡಿಗ್ರಿ ತಿರುಗಿತು. ಇಪ್ಪತ್ತು ವರ್ಷ! ಅದೇ ವರ್ಷ ಅನಿಮೇಷನ್ ಸೌಲಭ್ಯ ಪಡೆದ ಉಚಿತ ತಂತ್ರಾಂಶ ಕ್ರಿಟಾದಲ್ಲಿ 4 ಮತ್ತು 6 ಒತ್ತಿದರೆ ಕಾಗದ ಆ ಕಡೆ ಈ ಕಡೆ ತಿರುಗುತ್ತದೆ, 5 ಒತ್ತಿದರೆ ನೆಟ್ಟಗಾಗುತ್ತದೆ. ಎಂ ಒತ್ತಿದರೆ ನೋಟ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಳ್ಳುತ್ತದೆ. ಹಾಳೆಯನ್ನು ತಿರುವಿ ಬೆಳಕಿಗೆ ಹಿಡಿದು, ಮುಖದ ಓರೆಕೋರೆ ಹುಡುಕುತ್ತಿದ್ದ ಹಳೆಯ ಅಭ್ಯಾಸ ಅದು.

ಟೂನ್ ಬೂಮ್ ಹಾರ್ಮನಿ ತೆರೆದು ನೋಡಿ. ಚಿತ್ರವನ್ನು ಸರಿಸುವ, ತಿರುಗಿಸುವ ಪದರಕ್ಕೆ ಅಲ್ಲಿ ಇಂದಿಗೂ ಪೆಗ್ ಅಂತಲೇ ಹೆಸರು. ಆದರೆ ಆ ಪೆಗ್ ತಿರುಗಿಸಿದರೆ ಸಿನಿಮಾದಲ್ಲೂ ಚಿತ್ರ ತಿರುಗುತ್ತದೆ, ಜೋಕೆ. ನಿಮ್ಮ ಕೈಗೆ ಬೇಕಾದ ತಟ್ಟೆ ಅಲ್ಲಿ ಬೇರೆಯೇ ಇದೆ.